ಪೌರನೀತಿಯ ಪಾಠವೂ ನಮ್ಮ ಶಾಲೆಯೂ

ಗಣಿತ, ವಿಜ್ಞಾನ, ಇಂಗ್ಲಿಷ್ ಮೊದಲಾದ ವಿಷಯಗಳಿಗೆ ಬೆಳಗಿನ ಹೊತ್ತನ್ನು ಕೊಟ್ಟು, ಪೌರನೀತಿಯನ್ನು ಮಧ್ಯಾಹ್ನದ ಊಟವಾದ ಮೇಲಿನ ತೂಕಡಿಕೆಯ ವೇಳೆಗೆ ತಳ್ಳುವುದು ಪಾಠಶಾಲೆಗಳ ಹಳೆಯ ವಾಡಿಕೆಯಷ್ಟೆ. ನಮ್ಮ ಶಾಲೆಯೂ ಇದಕ್ಕೆ ಹೊರತಾದುದಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಆ ಪಾಠದಿಂದ ಈಗ ನೆನಪಿರುವುದು, ರಾಷ್ಟ್ರಪತಿಯಾಗುವವರಿಗೆ 35 ವರ್ಷ ತುಂಬಿರಬೇಕು, ರಾಜ್ಯಸಭೆಯ ಸದಸ್ಯರ ಅವಧಿ 6 ವರ್ಷ ಎಂಬಂಥ ಮಾತುಗಳೇ ಇರಬಹುದು. ಇವೂ ತಿಳಿದಿರತಕ್ಕವೇ ಸರಿ. ಆದರೆ ನಮ್ಮ ಬಾಲಿಕೆಯರಲ್ಲಿ ರಾಷ್ಟ್ರಪತಿ ಪದವಿಗೆ ಏರುವವರು ಎಷ್ಟು ಮಂದಿಯೋ ಕಾಣೆವು. ನಾಳೆ ಬೆಳಗ್ಗೆ ಚೀಲ ಹೊತ್ತುಕೊಂಡು ಶಾಲೆಗೆ ಬರುವ ಹುಡುಗಿಗೆ ಸಂವಿಧಾನವು ಏನನ್ನು ಹೇಳುತ್ತದೆಂಬುದೇ ಉಪಾಧ್ಯಾಯಿನಿಯರಾದ ನಮ್ಮನ್ನು ಬಹಳ ಕಾಲದಿಂದ ಯೋಚನೆಗೆ ಹಚ್ಚಿದೆ.

ಎಂಟನೆಯ ತರಗತಿಯಲ್ಲಿ ನಾವು ಮತದಾರರ ಪಟ್ಟಿಯಿಂದ ಆರಂಭಿಸುವುದುಂಟು. ಬ್ರಿಟಿಷರ 1935ನೆಯ ಇಸವಿಯ ಕಾನೂನಿನಲ್ಲಿ ಮತ ಕೊಡುವ ಅಧಿಕಾರವು ಆಸ್ತಿ, ತೆರಿಗೆ, ವಿದ್ಯೆ ಇವುಗಳನ್ನು ಅವಲಂಬಿಸಿದ್ದಿತು. ಸ್ವತಂತ್ರ ಭಾರತದ ಸಂವಿಧಾನವು 21 ವರ್ಷ ತುಂಬಿದ ಸಮಸ್ತರಿಗೂ ಅದನ್ನು ಕೊಟ್ಟಿತು. 1989ರಿಂದ ಅದು 18 ವರ್ಷಕ್ಕೆ ಇಳಿದಿದೆ. ಆದರೆ 1951–52ರ ಮೊದಲನೆಯ ಮಹಾ ಚುನಾವಣೆಗಾಗಿ ಪಟ್ಟಿಯನ್ನು ಬರೆಯಲು ಮನೆ ಮನೆಗೆ ಹೋದವರಿಗೆ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ನಮೂದು ನಿಲ್ಲದೆಂದು ಚುನಾವಣಾ ಆಯೋಗವು ಹಟ ಹಿಡಿಯಿತು. ಕಡೆಗೆ ಸುಮಾರು 28 ಲಕ್ಷ ಸ್ತ್ರೀಯರು, ಹೆಚ್ಚಾಗಿ ಉತ್ತರದ ಪ್ರಾಂತಗಳವರು, ಪಟ್ಟಿಯಿಂದ ಬಿಟ್ಟುಹೋದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರನ್ನು ನಮ್ಮ ಮಕ್ಕಳು ತಮ್ಮ ಮನೆಗಳಲ್ಲಿಯೇ ಕಂಡಿದ್ದಾರೆ. ತನ್ನ ಹೆಸರನ್ನೇ ಹೇಳದವರ ಸಂಗತಿ ಕೇಳಿ ಮೊದಲು ನಗುತ್ತಾರೆ. ಒಮ್ಮೆ ಮರುದಿನ ಒಬ್ಬ ಹುಡುಗಿ ಬಂದು, ತನ್ನ ಅಜ್ಜಿಯ ನಿಜವಾದ ಹೆಸರನ್ನು ಆ ರಾತ್ರಿಯೇ ಮೊದಲು ಕೇಳಿ ತಿಳಿದೆನೆಂದು ಹೇಳಿದಳು. ಆಗ ಯಾರೂ ನಗಲಿಲ್ಲ.

ಸಂವಿಧಾನ ಸಭೆಯಲ್ಲಿ 15 ಮಂದಿ ಸ್ತ್ರೀಯರಿದ್ದರು. ತಿರುವಾಂಕೂರಿನ ಆನಿ ಮಸ್ಕರೀನ್, ಕೊಚ್ಚಿಯ ದಾಕ್ಷಾಯಣಿ ವೇಲಾಯುಧನ್ ಇವರ ಹೆಸರುಗಳನ್ನು ನಮ್ಮ ಹುಡುಗಿಯರು ಬಲ್ಲರು. ಮಂಗಳೂರಿನಲ್ಲಿ ಹುಟ್ಟಿದ ಪಾದ್ರಿ ಜೆರೋಮ್ ಡಿಸೋಜರವರೂ ಅಲ್ಲಿದ್ದರು. ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿಯವರು ಬಂಗಾಳದ ಕ್ರೈಸ್ತರು. ಧರ್ಮದ ಆಧಾರದ ಮೇಲೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸುವುದು ಬೇಡವೆಂದು 1949ರಲ್ಲಿ ನಿಶ್ಚಯವಾದಾಗ ಕ್ರೈಸ್ತ ಪ್ರತಿನಿಧಿಗಳು ಮನಃಪೂರ್ವಕವಾಗಿ ಒಪ್ಪಿದರು. ಅಲ್ಪಸಂಖ್ಯಾತರು ತಮಗಿಷ್ಟವಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂಬ 30ನೆಯ ಅನುಚ್ಛೇದವು ಉಳಿಯಿತು. ನಮ್ಮಂಥ ಶಾಲೆಗಳು ಇಂದು ನಿಂತಿರುವುದು ಅದರ ಆಸರೆಯಲ್ಲಿಯೇ.

ಇಷ್ಟರ ವರೆಗೆ ಪಾಠವು ಸುಗಮವಾಗಿ ಸಾಗುತ್ತದೆ. ಆದರೆ 30ನೆಯದಕ್ಕೆ ಸ್ವಲ್ಪ ಹಿಂದೆಯೇ 28ನೆಯ ಅನುಚ್ಛೇದವಿದೆ. ಸರ್ಕಾರದ ಮನ್ನಣೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯಲ್ಲಿ ನಡೆಯುವ ಧಾರ್ಮಿಕ ಬೋಧನೆಯಲ್ಲಿ ಪಾಲುಗೊಳ್ಳಬೇಕೆಂದಾಗಲಿ, ಪೂಜೆ ಪ್ರಾರ್ಥನೆಗಳಿಗೆ ಹಾಜರಾಗಬೇಕೆಂದಾಗಲಿ ಯಾರನ್ನೂ ಒತ್ತಾಯಿಸಕೂಡದು, ಅವರ ಸಮ್ಮತಿಯಿದ್ದರೆ ಮಾತ್ರ ಸರಿ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಸಮ್ಮತಿ ಬೇಕು ಎಂಬುದು ಅದರ ತಾತ್ಪರ್ಯ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಟೀಚರ್, ಹಾಗಾದರೆ ಸೋಮವಾರದ ಸತ್ಯವೇದ ಪಾಠಕ್ಕೆ ನಮ್ಮ ತಂದೆಯವರನ್ನು ಯಾರಾದರೂ ಕೇಳಿದ್ದಾರೆಯೇ?" ಎಂದಳು.

ತರಗತಿಯು ನಿಶ್ಶಬ್ದವಾಯಿತು. ಹುಡುಗಿಯದು ಉದ್ಧಟತನವಲ್ಲ, ಪಾಠ ಚೆನ್ನಾಗಿ ಅರ್ಥವಾದವಳ ಪ್ರಶ್ನೆ. ವಿಚಾರಿಸಿ ಹೇಳುವೆವೆಂದು ಮಾತು ಕೊಟ್ಟೆವು. ಪ್ರವೇಶದ ಅರ್ಜಿಯನ್ನು ತೆಗೆದು ನೋಡಲಾಗಿ, ಶಾಲೆಯ ಸಕಲ ನಿಯಮಗಳಿಗೂ ಒಪ್ಪಿದ್ದೇನೆ ಎಂಬ ಒಂದು ಸಾಲೂ ಅದರ ಕೆಳಗೆ ತಂದೆಯ ರುಜುವೂ ಇದ್ದುವು. ಇದು ಸಮ್ಮತಿಯೆನಿಸುವುದೇ ಅಲ್ಲವೇ ಎಂಬ ವಿಷಯವಾಗಿ ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಅನೇಕ ದಿನ ಚರ್ಚೆ ನಡೆಯಿತು. ಹಿರಿಯರೊಬ್ಬರು, ಎಷ್ಟೋ ತಲೆಮಾರುಗಳ ಹಿಂದೂ ಮುಸಲ್ಮಾನ ಬಾಲಿಕೆಯರು ಆ ಪಾಠವನ್ನು ಸಂತೋಷದಿಂದ ಕೇಳಿದ್ದಾರೆ, ಅದರಿಂದ ಯಾರಿಗೆ ಯಾವ ಕೇಡಾಯಿತು ಎಂದರು. ಅದು ನಿಜವೇ. ಇನ್ನೊಬ್ಬರು, ಹೀಗೆ ಒಬ್ಬೊಬ್ಬರನ್ನೇ ಕೇಳುತ್ತ ಹೋದರೆ ಮಿಶನ್ ಶಾಲೆಗೂ ಉಳಿದ ಶಾಲೆಗಳಿಗೂ ಭೇದವೇನು ಉಳಿಯಿತು ಎಂದರು. ಈ ಭಯವನ್ನೂ ನಾವು ಹಗುರವಾಗಿ ಎಣಿಸಲಾರೆವು. ಆದರೂ 30ನೆಯ ಅನುಚ್ಛೇದವನ್ನು ಗಟ್ಟಿಯಾಗಿ ಓದಿ 28ನೆಯದನ್ನು ಮೆಲ್ಲಗೆ ದಾಟಿಸಿಬಿಡುವ ಪಾಠವು ಪಾಠವೇ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಮಕ್ಕಳ ಕಿವಿ ಬಹಳ ಸೂಕ್ಷ್ಮ. ಧ್ವನಿ ಎಲ್ಲಿ ತಗ್ಗಿತೆಂಬುದು ಅವರಿಗೆ ಕೂಡಲೇ ತಿಳಿದುಬಿಡುತ್ತದೆ.

ಆಡಳಿತ ಮಂಡಲಿಯವರು ನಿಧಾನವಾಗಿ ವಿಚಾರ ಮಾಡಿ, ಮುಂದಿನ ವರ್ಷದ ಅರ್ಜಿಯಲ್ಲಿ ಸತ್ಯವೇದ ಪಾಠಕ್ಕೂ ಪ್ರಾರ್ಥನೆಗೂ ಬೇರೆಯಾಗಿಯೇ ಸಮ್ಮತಿಯನ್ನು ಕೇಳುವ ಸಾಲೊಂದನ್ನು ಅಚ್ಚು ಹಾಕಿಸಿದರು. ಒಲ್ಲದವರು ಆ ಹೊತ್ತಿನಲ್ಲಿ ಪುಸ್ತಕ ಭಂಡಾರದಲ್ಲಿ ಒಬ್ಬ ಉಪಾಧ್ಯಾಯಿನಿಯ ಬಳಿ ಓದಿಕೊಳ್ಳುವರು. ತರಗತಿಯು ಬರಿದಾಗುವುದೆಂದು ಹೆದರಿದ್ದವರಿಗೆ ಅದು ಬರಿದಾಗದೆ ಇದ್ದುದು ಆಶ್ಚರ್ಯವಾಯಿತು. ಕೆಲವರು ಬೇಡವೆಂದು ಬರೆದರು, ಬಹುಮಂದಿ ಆಗಲೆಂದು ಬರೆದರು. ಪ್ರಶ್ನೆ ಕೇಳಿದ ಹುಡುಗಿಯ ತಂದೆಯು ಆಗಲೆಂದು ಬರೆದವರಲ್ಲಿ ಒಬ್ಬರು! ಇತ್ತ ಕ್ರೈಸ್ತ ಪೋಷಕರೊಬ್ಬರು ಬಂದು, ತಮ್ಮನ್ನೇಕೆ ಕೇಳಬೇಕೆಂದು ಸ್ವಲ್ಪ ಬೇಸರಪಟ್ಟರು. ಆ ಅನುಚ್ಛೇದದಲ್ಲಿ ಯಾವ ಮತದ ಹೆಸರೂ ಇಲ್ಲವೆಂದು ತೋರಿಸಿದೆವು.

ಹತ್ತನೆಯ ತರಗತಿಯವರಿಗೆ ಕೇರಳದ ಇಮ್ಯಾನುಯೆಲ್ ಮಕ್ಕಳ ಮೊಕದ್ದಮೆಯನ್ನು ಹೇಳುತ್ತೇವೆ. ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು, ಅವರಲ್ಲಿ ಇಬ್ಬರು ಹುಡುಗಿಯರು, ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರಾದರೂ ತಮ್ಮ ನಂಬಿಕೆಯ ಪ್ರಕಾರ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. 1986ನೆಯ ಇಸವಿ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ನಮ್ಮ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ, ಹಾಡಲೇಬೇಕಾಗಿತ್ತೆಂದು ಪ್ರತಿ ವರ್ಷವೂ ವಾದಿಸುತ್ತಾರೆ. ವಾದವು ಬಿಸಿಯಾದಾಗ ಯಾರಾದರೊಬ್ಬರು, "ಓಟಿಗೆ ಹಾಕಿಬಿಡೋಣ ಟೀಚರ್" ಎನ್ನುವುದೂ ತಪ್ಪದು. ತರಗತಿಯ ನಾಯಕಿಯನ್ನು ಗುಪ್ತ ಮತದಾನದಿಂದ ಆರಿಸಿ ಅವರಿಗೆ ಅಭ್ಯಾಸವಾಗಿದೆ. ಆಗ ನಾವು, ನಾಯಕಿಯನ್ನು ಎಣಿಸಿ ಆರಿಸಬಹುದು, ಆ ಮೂವರು ಮಕ್ಕಳು ಶಾಲೆಯಲ್ಲಿ ಇರಬೇಕೇ ಬೇಡವೇ ಎಂಬುದನ್ನು ಎಣಿಸಬಾರದು ಎನ್ನುತ್ತೇವೆ. ಏಕೆಂಬುದನ್ನು ತಿಳಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮರುದಿನವೂ ಅದೇ ಪಾಠವಾಗುತ್ತದೆ. ಪಠ್ಯ ಹಿಂದೆ ಬೀಳುವುದಕ್ಕೆ ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕ್ಷಮಿಸುತ್ತ ಬಂದಿದ್ದಾರೆ.

2023ರಲ್ಲಿ ಕರ್ನಾಟಕ ಸರ್ಕಾರವು ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ನಿಶ್ಚಯಿಸಿತು. ಚಿಕ್ಕ ಮಕ್ಕಳು ಅದನ್ನು ಮಗ್ಗಿಯ ರಾಗದಲ್ಲಿ ಒಪ್ಪಿಸುವುದನ್ನು ಕೇಳಿದರೆ ನಗುವೂ ಬರುತ್ತದೆ, ಸಂತೋಷವೂ ಆಗುತ್ತದೆ. ಮಗ್ಗಿಯಾದರೂ ಲೆಕ್ಕ ಬಂದಾಗ ಉಪಯೋಗಕ್ಕೆ ಬಂದೀತು.

ಕಡೆಯದಾಗಿ ಪೋಷಕರಲ್ಲಿಯೂ, ಈಗ ತಾಯಂದಿರಾಗಿ ಮಕ್ಕಳನ್ನು ನಮ್ಮಲ್ಲಿಗೇ ಕಳುಹಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಜ್ಞಾಪನೆ. ಪ್ರವೇಶದ ಅರ್ಜಿಯಲ್ಲಿ ಆ ಸಮ್ಮತಿಯ ಸಾಲು ಎಷ್ಟೋ ಸಲ ಖಾಲಿಯಾಗಿ ಬರುತ್ತಿದೆ. ಶಾಲೆಯವರು ಮಾಡಿದ್ದೇ ಸರಿ ಎಂಬ ವಿಶ್ವಾಸದಿಂದಲೇ ಬಿಡುತ್ತೀರೆಂದು ಬಲ್ಲೆವು. ದಯವಿಟ್ಟು ಮಗಳನ್ನು ಹತ್ತಿರ ಕುಳ್ಳಿರಿಸಿಕೊಂಡು, ಅವಳನ್ನೂ ಒಂದು ಮಾತು ಕೇಳಿ, ಆಗಲೆಂದಾಗಲಿ ಬೇಡವೆಂದಾಗಲಿ ನಿಮ್ಮ ಕೈಯಿಂದಲೇ ಬರೆಯಿರಿ. ಖಾಲಿ ಬಿಟ್ಟ ಅರ್ಜಿಗಳನ್ನು ಕಚೇರಿಯವರು ಈ ಸಲ ಹಿಂದಕ್ಕೆ ಕಳುಹಿಸುವರು.