ಶಾಲು ಸಾಲಾದ ಕಥೆ

ನಮ್ಮ ಶಾಲೆಯ ಧ್ವನಿವರ್ಧಕದಲ್ಲಿ ಹಾಡು ಸೊಗಸು, ಉಕ್ತಲೇಖನ ಕಷ್ಟ. ‘ಶಾಲು’ ಎಂದರೆ ಹಿಂದಿನ ಬೆಂಚಿನವರು ‘ಸಾಲು’ ಎಂದು ಬರೆಯುತ್ತಿದ್ದರು. ಬೈಗುಳ ಮಾತ್ರ ಮಕ್ಕಳಿಗೆ!

ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್ ಮಂದ್ರವನ್ನು ವೂಫರಿಗೆ, ತಾರವನ್ನು ಟ್ವೀಟರಿಗೆ ಹಂಚುತ್ತದೆ. ಹತ್ತನೇ ತರಗತಿಯವರೊಡನೆ, ಮೈಕನ್ನು ಒಂದು ಮೀಟರ್ ದೂರದಲ್ಲಿ ಕದಲದಂತೆ ನಿಲ್ಲಿಸಿ, ಎರಡನ್ನೂ ಬೇರೆಬೇರೆಯಾಗಿಯೂ ಒಟ್ಟಿಗೂ ಅಳೆದೆ. ಒಟ್ಟಿಗೆ ನುಡಿದಾಗ 3000 ಹರ್ಟ್ಸ್ ಸುತ್ತ ದೊಡ್ಡ ಹಳ್ಳ. ‘ಶ’ಕಾರದ ಬಲವೆಲ್ಲ ಇರುವುದು ಆ ಆಸುಪಾಸಿನಲ್ಲೇ!

ಅಳತೆಗಳನ್ನು ವಿಟುಯಿಕ್ಸ್‌ಕ್ಯಾಡ್ ಎಂಬ ಉಚಿತ ತಂತ್ರಾಂಶಕ್ಕೆ ಉಣಿಸಿದೆವು. ಪರದೆಯ ಮೇಲೆ ಕೆಪಾಸಿಟರನ್ನು 4.7, 6.8, 10 ಮೈಕ್ರೋಫ್ಯಾರಡ್ ಎಂದು ಬದಲಿಸಿದರೂ ಹಳ್ಳ ಜಗ್ಗಲಿಲ್ಲ. ಟ್ವೀಟರಿನ ಎರಡು ತಂತಿ ಅದಲುಬದಲು ಮಾಡಿದೊಡನೆ ತುಂಬಿತು. ಒಂದರ ಅಲೆ ಉಬ್ಬಿದಾಗ ಇನ್ನೊಂದರದು ತಗ್ಗಿ, ಎರಡೂ ಪರಸ್ಪರ ಅಳಿಸಿಕೊಳ್ಳುತ್ತಿದ್ದವು.

ಬೆಸುಗೆ ಹಾಕಿ ಮತ್ತೆ ಅಳೆದೆವು; ರೇಖೆ ಬಹುಮಟ್ಟಿಗೆ ಪರದೆಯಲ್ಲಿದ್ದಂತೆಯೇ ಬಂತು. ಎರಡೂ ನಕ್ಷೆಗಳನ್ನು ಪೋಷಕರ ಸಭೆಯ ದಿನ ಬಾಗಿಲ ಬಳಿಯೇ ಅಂಟಿಸಿದೆ.