ಹೊಳಲಿನ ಹಾಡೂ ಗಣಕಯಂತ್ರವೂ

ಭರತ ಹುಣ್ಣಿಮೆ ಕಳೆದು ಎಂಟು ದಿನಗಳಾಗಿದ್ದುವು. ನಾವು ಕೊಟ್ಟೂರಿನಿಂದ ಬೆಳಗಿನ ಬಸ್ಸಿನಲ್ಲಿ ಹೂವಿನಹಡಗಲಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊಳಲನ್ನು ಸೇರಿದೆವು. ದಾರಿಯುದ್ದಕ್ಕೂ ಎರೆಯ ಹೊಲಗಳು. ಹಿಂಗಾರಿ ಜೋಳವು ಕೊಯ್ಲಿಗೆ ಬಂದಿದ್ದಿತು. ಮೈಲಾರದ ಜಾತ್ರೆಯಿಂದ ತಡವಾಗಿ ಮರಳುತ್ತಿದ್ದ ಕೆಲವರ ಹಣೆಯಲ್ಲಿ ಭಂಡಾರವು ಇನ್ನೂ ಹಳದಿಯಾಗಿ ಉಳಿದಿದ್ದಿತು. ಈ ಸೀಮೆಯು ೧೯೫೩ರ ವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ವರ್ಷ ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಎಷ್ಟು ಸಾರಿ ಬದಲಾದರೂ ಹಡಗಲಿಯ ಮಲ್ಲಿಗೆಯ ಹೆಸರು ಮಾತ್ರ ಹಾಗೆಯೇ ಇದೆ.

ಹೊಳಲಿಗೆ ಹೋದವರು ಮೊದಲು ಅನಂತಶಯನನ ದರ್ಶನ ಮಾಡತಕ್ಕದ್ದು. ಶೇಷನ ಮೇಲೆ ಪವಡಿಸಿದ ದೊಡ್ಡ ಮೂರ್ತಿ, ನೋಡಿದಷ್ಟೂ ನೋಡಬೇಕೆನ್ನಿಸುವುದು. ಈ ಮೂರ್ತಿಯ ವಿಷಯವಾಗಿ ಒಂದು ಐತಿಹ್ಯವಿದೆ. ಕೃಷ್ಣದೇವರಾಯನು ಹೊಸಪೇಟೆಯ ಬಳಿ ೧೫೨೪ರಲ್ಲಿ ಅನಂತಶಯನನಿಗೆಂದು ದೊಡ್ಡ ಗುಡಿಯನ್ನು ಕಟ್ಟಿಸಿ, ಹೊಳಲಿನ ಸ್ವಾಮಿಯನ್ನು ಅಲ್ಲಿಗೆ ಬಿಜಯಮಾಡಿಸಬೇಕೆಂದು ಬೇಡಿಕೊಂಡನಂತೆ. 'ನೀನು ಮುಂದೆ ನಡೆ, ನಾನು ಹಿಂದೆ ಬರುವೆನು. ಆದರೆ ತಿರುಗಿ ನೋಡಕೂಡದು' ಎಂದು ಸ್ವಾಮಿಯ ಕಟ್ಟಳೆ. ಅರಸನು ಸಂದೇಹದಿಂದ ತಿರುಗಿ ನೋಡಿದನು. ಸ್ವಾಮಿಯು ಹೊಳಲಿನಲ್ಲಿಯೇ ಉಳಿದನು. ಅನಂತಶಯನಗುಡಿಯನ್ನು ಕಂಡವರು ಅಲ್ಲಿಯ ಬರಿದಾದ ಉದ್ದನೆಯ ಪೀಠವನ್ನು ಬಲ್ಲರು.

ನಾವು ಈ ಸಾರಿ ಹೋದುದು ದರ್ಶನಕ್ಕಾಗಿ ಮಾತ್ರವೇ ಅಲ್ಲ. ಹೊಳಲಿನಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನಿದ್ದಾನೆ; ಒಕ್ಕಲುತನ ಅವನ ಕಸುಬು, ಭಜನೆ ಅವನ ಹವ್ಯಾಸ. ಅವನ ಅಜ್ಜಿಗೆ ಎಂಬತ್ತು ದಾಟಿದೆ. ಆಕೆಯೂ ಆಕೆಯ ಅಕ್ಕನೂ ಒಂದೇ ಮನೆಯ ಸೊಸೆಯರಾಗಿ ಒಂದೇ ಬೀಸುವ ಕಲ್ಲಿನ ಎದುರು ಬದುರು ಕುಳಿತು ನಲವತ್ತು ವರ್ಷ ಹಾಡಿದವರು. ಅಕ್ಕ ಒಂದು ನುಡಿಯನ್ನು ಎತ್ತುವಳು, ತಂಗಿ ಅದಕ್ಕೆ ಉತ್ತರ ಕೊಡುವಳು. ಕಳೆದ ವರ್ಷ ಅಕ್ಕನು ತೀರಿಕೊಂಡಳು. ಆಕೆಯ ಪಾಲಿನ ನುಡಿಗಳು ಒಂದು ಹಳೆಯ ಕ್ಯಾಸೆಟ್ಟಿನಲ್ಲಿ ಉಳಿದಿದ್ದುವು. ತಂಗಿಯ ಪಾಲು ತಂಗಿಯ ನಾಲಗೆಯ ಮೇಲೆ ಮಾತ್ರ. ಎರಡನ್ನೂ ಕೂಡಿಸಿಡಬೇಕೆಂಬುದು ಶಿಷ್ಯನ ಆಸೆ. 'ಮೇಷ್ಟ್ರೇ, ಯಂತ್ರ ತಂದೀನಿ, ಆದರೆ ಕೆಲಸ ಕೆಟ್ಟೈತಿ. ನೀವು ಒಮ್ಮೆ ಬಂದು ನೋಡ್ರಿ' ಎಂದು ಫೋನು ಮಾಡಿದ್ದನು.

ಅವನ ಮನೆಯಲ್ಲಿ ಆ ಯಂತ್ರವನ್ನು ಕಂಡೆವು. ಗಾಜಿನ ಮೈ, ಒಳಗೆ ಕೆಂಪು, ನೀಲಿ, ಹಸುರು ದೀಪಗಳು, ನಾಲ್ಕು ಫ್ಯಾನುಗಳು. ದೊಡ್ಡ ಪಟ್ಟಣವೊಂದರ ಅಂಗಡಿಯವನು 'ಇದಕ್ಕಿಂತ ಬಲವಾದುದಿಲ್ಲ' ಎಂದು ಹೇಳಿ, ಆಟವಾಡುವ ಹುಡುಗರಿಗೆಂದು ಮಾಡಿದುದನ್ನು ಹಾಡುವ ಅಜ್ಜಿಗೆ ಮಾರಿದ್ದನು. ಅದರ ಬೆಲೆಯಲ್ಲಿ ದೊಡ್ಡ ಪಾಲು ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿನದು. ಧ್ವನಿಮುದ್ರಣಕ್ಕೆ ಅದರಿಂದ ಪ್ರಯೋಜನವೇ ಇಲ್ಲ, ಅದರ ಕಾವನ್ನು ಆರಿಸುವ ಫ್ಯಾನಿನ ಮೊರೆತವೊಂದೇ ಲಾಭ. ಶಿಷ್ಯನು ಮುದ್ರಿಸಿದ್ದನ್ನು ಕೇಳಿಸಿದನು. ಅಜ್ಜಿಯ ಕಂಠದ ಹಿಂದೆ ಭೋರೆಂಬ ಸದ್ದು, ಮಳೆಗಾಲದ ಹೊಳೆಯಂತೆ. ಅಜ್ಜಿಯು ನಮ್ಮನ್ನು ನೋಡಿ, 'ಈ ಡಬ್ಬಿ ನನ್ನ ಹಾಡು ಕೇಳತೈತೋ, ತಂದೇ ಹಾಡತೈತೋ, ನೀವೇ ಹೇಳ್ರಿ ಮೇಷ್ಟ್ರೇ' ಎಂದಳು.

ಇನ್ನೊಂದು ದೋಷವೂ ಇದ್ದಿತು. ಅಕ್ಕನ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಅಜ್ಜಿ ಉತ್ತರ ಹಾಡಬೇಕು. ಆದರೆ ಆಕೆಯ ದನಿಯೇ ಯಂತ್ರವನ್ನು ಸುತ್ತಿ ತಡವಾಗಿ ಆಕೆಯ ಕಿವಿಗೆ ಮರಳುತ್ತಿದ್ದಿತು. 'ಯಾರೋ ನನ್ನ ಅಣಕಸ್ತಾರ' ಎಂದು ಆಕೆಯು ಹೆಡ್‌ಫೋನನ್ನು ಕಿತ್ತಿಟ್ಟವಳು ಮತ್ತೆ ಮುಟ್ಟಿರಲಿಲ್ಲ.

ರಾತ್ರಿ ರೊಟ್ಟಿಯೂಟವಾದ ಮೇಲೆ ಗುರುಶಿಷ್ಯರು ಕುಳಿತು ಆಲೋಚಿಸಿದೆವು. ಗುಡಿಯನ್ನು ಮೊದಲು ಕಟ್ಟಿ ದೇವರನ್ನು ಆಮೇಲೆ ಕರೆದ ಕಥೆಯೇ ಇಲ್ಲಿಯೂ ನಡೆದಿದ್ದಿತು. ಆದುದರಿಂದ ಹಾಡುವವಳಿಗೆ ಏನು ಬೇಕೆಂಬುದನ್ನು ಮೊದಲು ಬರೆದುಕೊಂಡು, ಯಂತ್ರವನ್ನು ಕೊನೆಗೆ ಆರಿಸಿದೆವು. ಮನೆಯಲ್ಲಿ ಇಂತಹ ಕೆಲಸಕ್ಕೆ ಕೈಹಾಕುವ ಓದುಗರಿಗೆ ಉಪಯೋಗವಾದೀತೆಂದು ಆ ಪಟ್ಟಿಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು ಮೌನ. ಮೈಲಾರದ ಕಾರ್ಣಿಕವನ್ನು ಕಂಡವರು ಇದನ್ನು ಬಲ್ಲರು. ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ನೆರೆದ ಅಷ್ಟು ಜನವೂ ಉಸಿರು ಬಿಗಿಹಿಡಿಯುವುದು. ಆಮೇಲೆ ಬರುವ ಒಂದೇ ನುಡಿಯು ಎಲ್ಲರಿಗೂ ಕೇಳಿಸುವುದು. ಧ್ವನಿಮುದ್ರಣದ ಸೂತ್ರವೂ ಇದೇ. ಹಣ ಕೊಟ್ಟರೂ ಸಿಕ್ಕದ ಮೌನವು ಶಿಷ್ಯನ ಮನೆಯಲ್ಲಿಯೇ ಇದ್ದಿತು: ದಪ್ಪ ಮಣ್ಣಿನ ಗೋಡೆಯ, ಜೋಳದ ಚೀಲಗಳನ್ನು ಒಟ್ಟಿದ ಕಾಳಿನ ಕೋಣೆ. ಚೀಲಗಳು ಪ್ರತಿಧ್ವನಿಯನ್ನು ನುಂಗುವುವು. ಬರಿಗೋಡೆಗೆ ಎರಡು ಕೌದಿಗಳನ್ನು ತೂಗುಹಾಕಿದರೆ ಸಾಕು.

ಎರಡನೆಯದು ಮೈಕು. ಅಜ್ಜಿಯದು ಮೆಲುದನಿ. ಅದಕ್ಕೆ ಸೂಕ್ಷ್ಮವಾದ ಕಂಡೆನ್ಸರ್ ಮೈಕು ಒಳ್ಳೆಯದು. ಸದ್ದುಗದ್ದಲದ ಕೋಣೆಯಾದರೆ ಡೈನಮಿಕ್ ಮೈಕೇ ವಾಸಿ. ಕಂಡೆನ್ಸರಿಗೆ ೪೮ ವೋಲ್ಟಿನ ವಿದ್ಯುತ್ತು ಬೇಕು. ಅದನ್ನು ಒದಗಿಸುವುದು ಮೂರನೆಯ ವಸ್ತುವಾದ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ. ಎರಡು ಕಂಡಿಗಳಿರುವುದನ್ನೇ ಆರಿಸಿದೆವು: ಮೊದಲು ಅದರ ಮೂಲಕ ಕ್ಯಾಸೆಟ್ಟಿನ ಹಾಡನ್ನು ಒಳಕ್ಕೆ ತೆಗೆದುಕೊಳ್ಳಬೇಕು, ಆಮೇಲೆ ಅಜ್ಜಿಯ ದನಿಯನ್ನು.

ತಡದ ಕಾರಣವನ್ನೂ ತಿಳಿಯಬೇಕು. ಯಂತ್ರವು ಶಬ್ದವನ್ನು ಸೆಕೆಂಡಿಗೆ ೪೮,೦೦೦ ಸಾರಿ ಅಳೆಯುವುದು. ಆ ಅಳತೆಗಳನ್ನು ಒಂದೊಂದಾಗಿ ಹೊರದೆ ಕೊಳಗದಲ್ಲಿ ತುಂಬಿ ಸಾಗಿಸುವುದು. ಈ ಕೊಳಗಕ್ಕೆ ಬಫರ್ ಎಂದು ಹೆಸರು. ೧,೦೨೪ ಅಳತೆಗಳ ಕೊಳಗ ತುಂಬಲು ಸುಮಾರು ೨೧ ಮಿಲಿಸೆಕೆಂಡು ಬೇಕು, ೨೫೬ರದಕ್ಕೆ ಸುಮಾರು ೫. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ತುಂಬಬೇಕಾದುದರಿಂದ ತಡವು ಇಮ್ಮಡಿಯಾಗುವುದು. ಕೊಳಗವನ್ನು ತೀರ ಚಿಕ್ಕದು ಮಾಡಿದರೆ ಯಂತ್ರವು ಏದುಸಿರು ಬಿಟ್ಟು ದನಿಯಲ್ಲಿ ಚಟಚಟ ಸದ್ದು ಮೂಡುವುದು. ಹಾಡುವವರ ದನಿಯನ್ನು ಗಣಕಯಂತ್ರಕ್ಕೆ ಸುತ್ತಿಸದೆ ನೇರವಾಗಿ ಅವರ ಕಿವಿಗೆ ಮರಳಿಸುವ ಗುಂಡಿಯು ಅನೇಕ ಇಂಟರ್‌ಫೇಸುಗಳಲ್ಲಿರುತ್ತದೆ. ಅದಿದ್ದರೆ ಈ ತೊಡಕೇ ಇಲ್ಲ. ಹೆಡ್‌ಫೋನು ಕಿವಿಯನ್ನು ಪೂರ್ತಿ ಮುಚ್ಚುವಂತಹದಿರಬೇಕು. ಇಲ್ಲವಾದರೆ ಅಕ್ಕನ ಹಾಡು ಹೊರಗೆ ಸೋರಿ ತಂಗಿಯ ಮೈಕನ್ನು ಸೇರುವುದು.

ಇಷ್ಟಾದ ಮೇಲೆ ಗಣಕಯಂತ್ರಕ್ಕೆ ಉಳಿದ ಹೊರೆ ಬಹು ಸ್ವಲ್ಪ. ನಾವು ಗೊತ್ತುಮಾಡಿದುದು ಕಚೇರಿಯ ಕೆಲಸಕ್ಕೆ ಬಳಸುವಂತಹ ಸಾಮಾನ್ಯ ಲ್ಯಾಪ್‌ಟಾಪು. ಎರಡು ಮೂರು ಕಂಠಗಳಿಗೆ ೮ ಜಿಬಿ ರ್‍ಯಾಮ್ ಸಾಕು. ೧೬ ಇದ್ದರೆ ನಿಶ್ಚಿಂತೆ. ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿ ಮೇಲು. ಅದರಲ್ಲಿ ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ೨೪ ಬಿಟ್ಟಿನ ಗುಣದಲ್ಲಿ ಒಂದು ಕಂಠವು ಗಂಟೆಗೆ ಅರ್ಧ ಜಿಬಿಗಿಂತ ತುಸು ಹೆಚ್ಚು ಸ್ಥಳವನ್ನು ಹಿಡಿಯುವುದು. ೫೧೨ ಜಿಬಿಯಲ್ಲಿ ಅಜ್ಜಿಯು ವರ್ಷಪೂರ್ತಿ ಹಾಡಬಹುದು. ಲ್ಯಾಪ್‌ಟಾಪಿನಿಂದ ಇನ್ನೊಂದು ಅನುಕೂಲ: ಹಳ್ಳಿಯಲ್ಲಿ ಕರೆಂಟು ಹೋದರೂ ಕೆಲಸ ನಿಲ್ಲದು; ಚಾರ್ಜರನ್ನು ಬಿಚ್ಚಿಟ್ಟು ಮುದ್ರಿಸಿದರೆ ವಿದ್ಯುತ್ತಿನ ತಂತಿಯಿಂದ ಬರುವ ಗುಂಯ್‌ಗುಟ್ಟುವಿಕೆಯೂ ಬಹುಮಟ್ಟಿಗೆ ತಪ್ಪುವುದು. ಮುದ್ರಿಸುವ ತಂತ್ರಾಂಶಕ್ಕೆ ಹಣವೇ ಬೇಡ. ಔಡಾಸಿಟಿಯು ೨೦೦೦ದಿಂದ ಉಚಿತವಾಗಿ ದೊರೆಯುತ್ತಿದೆ.

ದೀಪದ ಯಂತ್ರವನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ತಕ್ಕ ಓದನ್ನು ಓದುತ್ತಿದ್ದ ಬಂಧುವಿನ ಮಗನೊಬ್ಬನು ತುಸು ಕಡಮೆ ಬೆಲೆಗೆ ಕೊಂಡನು. ಆ ಹಣದಲ್ಲಿ ದಾವಣಗೆರೆಯಲ್ಲಿ ನಮ್ಮ ಪಟ್ಟಿಯ ಸಾಮಾನುಗಳೆಲ್ಲವನ್ನೂ ತಂದು, ಇನ್ನೂ ಸ್ವಲ್ಪ ಉಳಿಯಿತು.

ಹೋಳಿ ಹುಣ್ಣಿಮೆಯ ಮಾರನೆಯ ವಾರ ಮತ್ತೆ ಹೊಳಲಿಗೆ ಹೋದೆವು. ಕ್ಯಾಸೆಟ್ಟು ಹಳೆಯದು, ಮತ್ತೆ ಮತ್ತೆ ತಿರುಗಿಸಿದರೆ ಹರಿದೀತೆಂದು ಟೇಪು ಯಂತ್ರದ ಹೆಡ್ಡನ್ನು ಒರೆಸಿ, ಒಂದೇ ಸಾರಿಗೆ ಅಕ್ಕನ ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಅಜ್ಜಿಯು ಕಾಳಿನ ಕೋಣೆಯಲ್ಲಿ ಕುಳಿತಳು. ಹೆಡ್‌ಫೋನನ್ನು ಕಿವಿಗಿಟ್ಟೊಡನೆ ಆಕೆಯ ಮುಖದ ಬಣ್ಣ ಬದಲಾಯಿತು. ಮೊದಲನೆಯ ನುಡಿಗೆ ಬಾಯಿ ತೆರೆಯಲೇ ಇಲ್ಲ. ಎರಡನೆಯದಕ್ಕೆ ಉತ್ತರ ಬಂದಿತು. ಬಲಗೈ ತಾನಾಗಿಯೇ ಕಲ್ಲು ತಿರುಗಿಸುವಂತೆ ತಿರುಗಹತ್ತಿತು.

ನಡುಹಾಡಿನಲ್ಲಿ ಕ್ಯಾಸೆಟ್ಟಿನ ಹಾಡು ಮುಗಿಯಿತು. ಅಂದು ಟೇಪು ಅಷ್ಟಕ್ಕೇ ಸಾಲದೆ ಹೋಗಿರಬೇಕು. ಶಿಷ್ಯನು ಯಂತ್ರವನ್ನು ನಿಲ್ಲಿಸಹೋದನು. ನಾವು ಕೈಸನ್ನೆಯಿಂದ ತಡೆದೆವು. ಅಜ್ಜಿಯು ಸ್ವಲ್ಪ ಹೊತ್ತು ಕಾದು, ಅಕ್ಕನ ನುಡಿಯನ್ನು ತಾನೇ ಎತ್ತಿ, ತನ್ನ ಉತ್ತರವನ್ನೂ ತಾನೇ ಹೇಳಿ, ಹೀಗೆ ಎರಡು ಪಾಲನ್ನೂ ಕೊನೆಯ ವರೆಗೆ ಹಾಡಿ ಮುಗಿಸಿದಳು. ಆ ನುಡಿಗಳು ಆಕೆಗೆ ಬರುತ್ತಿದ್ದುವೆಂಬುದು ಮೊಮ್ಮಗನಿಗೂ ಗೊತ್ತಿರಲಿಲ್ಲ.

ಶಬ್ದವು ಅನಿತ್ಯವೆಂದು ನೈಯಾಯಿಕರು, ನಿತ್ಯವೆಂದು ಮೀಮಾಂಸಕರು ವಾದಿಸಿದರು. ನಾವು ಚಿಕ್ಕಂದಿನಲ್ಲಿ ಎರಡು ಪಕ್ಷಗಳನ್ನೂ ಬಾಯಿಪಾಠ ಮಾಡಿದವರು. ಅಂದು ಹೊಳಲಿನಲ್ಲಿ ನಮಗೆ ತೋರಿದುದಿಷ್ಟು: ಶಬ್ದವು ನಿಲ್ಲುವುದು ಅದನ್ನು ಕಾಯುವವರು ಇರುವ ತನಕ. ಯಂತ್ರವೂ ಒಂದು ದಿನ ಕೆಡುವುದು. ಆದುದರಿಂದ ಹಾಡಿನ ಎರಡು ಪ್ರತಿಗಳನ್ನು ಬೇರೆ ಬೇರೆ ಡಿಸ್ಕುಗಳಲ್ಲಿ ಮಾಡಿಸಿ, ಒಂದನ್ನು ಅಜ್ಜಿಯ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ನಮ್ಮ ಕೈಚೀಲದಲ್ಲಿ ಪಂಚೆಯ ಮಡಿಕೆಯೊಳಗೆ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಕೊಟ್ಟೂರಿಗೆ ಹೊರಟೆವು. ಈ ಸಾರಿ ಅನಂತಶಯನನ ಗುಡಿಯನ್ನು ದಾಟುವಾಗ ನಾವು ತಿರುಗಿ ನೋಡಿದೆವು; ನಮಗೆ ಅದಕ್ಕೆ ನಿಷೇಧವೇನೂ ಇರಲಿಲ್ಲ.