ಸೈಲೆನ್ಸರ್ ಸಮಾಚಾರ

ನಮ್ಮ ಹಳೇ ಕಾರು ಒಂದು ವಾರದಿಂದ ಟ್ರ್ಯಾಕ್ಟರ್ ಥರ ಗುಡುಗುತ್ತಿತ್ತು. ಬಗ್ಗಿ ನೋಡಿದರೆ ಸೈಲೆನ್ಸರ್ ತುಕ್ಕು ಹಿಡಿದು ತೂತು. ಕಂಪನಿಯದ್ದು ದುಬಾರಿ. ಸರಿ, ವಾಹನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಟೆ.

ಅಂಗಡಿಯವರು ಎರಡು ತಂದಿಟ್ಟರು. ನೋಡೋಕೆ ಅವಳಿ ಜವಳಿ, ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. “ಕಣ್ಣಲ್ಲಿ ನೋಡ್ಬೇಡಿ ಸಾರ್, ಕೈಯಲ್ಲಿ ಎತ್ತಿ ನೋಡಿ” ಅಂದ ಜೊತೆಗಿದ್ದ ಮೆಕ್ಯಾನಿಕ್. ಎತ್ತಿದೆ. ಅಗ್ಗದ್ದು ಖಾಲಿ ಎಣ್ಣೆ ಡಬ್ಬದಷ್ಟು ಹಗುರ. ತಗಡು ತೆಳು, ಬೆಸುಗೆಯೂ ಅಷ್ಟಕ್ಕಷ್ಟೇ.

ಸೈಲೆನ್ಸರ್‌ಗೆ ಹೊರಗಿನ ಮಳೆಯಷ್ಟೇ ಒಳಗಿನ ನೀರೂ ಶತ್ರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹೊರಡುತ್ತೆ. ದೂರ ಓಡಿಸಿದರೆ ಸೈಲೆನ್ಸರ್ ಬಿಸಿಗೆ ಆ ನೀರು ಆರಿಹೋಗುತ್ತೆ. ತರಕಾರಿ ಅಂಗಡಿವರೆಗೆ ಮಾತ್ರ ಕಾರು ತೆಗೆಯುವ ನನ್ನಂಥವರಿಗೆ ಅದು ಒಳಗೇ ನಿಂತು ಕಬ್ಬಿಣ ತಿನ್ನುತ್ತೆ. ಅದಕ್ಕೇ ಅಲ್ಯೂಮಿನಿಯಂ ಲೇಪದ ಉಕ್ಕಿನದ್ದಕ್ಕೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಆ ಲೇಪವಿದ್ದ ಭಾರದ್ದನ್ನೇ ತಗೊಂಡೆ.

ಪಕ್ಕದಲ್ಲೊಬ್ಬ ಹುಡುಗ ಕೇಳ್ತಿದ್ದ: “ಅಣ್ಣಾ, ಜೋರಾಗಿ ಸೌಂಡ್ ಬರೋದು ಇದ್ಯಾ?” ಮೋಟಾರು ವಾಹನ ಕಾಯ್ದೆ ಪ್ರಕಾರ ಶಬ್ದದ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ನಾನು ಸದ್ದು ನಿಲ್ಲಿಸೋಕೆ ದುಡ್ಡು ಎಣಿಸ್ತಿದ್ದೆ, ಅವನು ಸದ್ದು ಕೊಳ್ಳೋಕೆ!

ಸಂಜೆ ಮನೆಗೆ ಬಂದರೆ ಕಾಫಿ ಇಲ್ಲ. “ನೀವು ಬಂದಿದ್ದೇ ಗೊತ್ತಾಗ್ಲಿಲ್ಲ ಕಣ್ರೀ. ಗೇಟ್ ಹತ್ರ ಗುಡುಗಿದ ಮೇಲೆ ಹಾಲು ಕಾಯಿಸೋಕಿಡ್ತಿದ್ದೆ” ಅಂದಳು ಹೆಂಡತಿ.